ಅತ್ತೆಯ ಪಾಳಿ

ಬಿಬವೇವಾಡಿ, ಪುಣೆ
8 ಜುಲೈ 2024

ಭೀಮವ್ವತ್ತೆಯವರಿಗೆ ಇಂದೂ ಕೈಮುಗಿದು ಬರೆಯುವುದು.

ಈ ಕಾಗದ ನಿಮ್ಮ ಕೈಗೇ ಸಿಗುತ್ತದೋ ಇಲ್ಲವೋ ಎಂಬುದೇ ಮೊದಲ ಚಿಂತೆ. ನೀವು ಹೋಗುವಾಗ ಹೇಳಿದ ಹಾಗೆ ನಿಮ್ಮ ಮಗಳು ಪಾರವ್ವನ ಮನೆಯ ವಿಳಾಸ ಹಾಕಿಲ್ಲ. ಅನುಸೂಯಾಬಾಯಿಯ ಹಿಟ್ಟಿನ ಗಿರಣಿ, ಗೋಕಾಕ ಎಂದು ಬರೆದಿದ್ದೇನೆ. ಫೋನು ಮಾಡಿದರೆ ನಿಮ್ಮ ಅಳಿಯ ಅದನ್ನು ಸ್ಪೀಕರಿಗೆ ಹಚ್ಚಿ ನಡುಮನೆಯಲ್ಲಿ ಇಡುತ್ತಾರೆ. ಆಚೆ ನೀವು 'ಹ್ಞೂಂ' ಅನ್ನುವುದು, ಈಚೆ ನಾನು 'ಆರಾಮ' ಅನ್ನುವುದು, ಪಾರವ್ವ ಹಿಂದಿನಿಂದ ಕೆಮ್ಮುವುದು. ಅದಕ್ಕಿಂತ ಕಾಗದ ವಾಸಿ. ಎಂಟನೇ ಇಯತ್ತೆ ಅರ್ಧಕ್ಕೆ ಬಿಟ್ಟವಳು ನಾನು, ತಪ್ಪು ಇದ್ದಲ್ಲಿ ನೀವೇ ಸರಿ ಮಾಡಿಕೊಂಡು ಓದಿರಿ.

ನಿಮ್ಮನ್ನು ಮಗಳ ಮನೆಗೆ ಬಿಟ್ಟು ಬಂದ ಮೇಲೆ ಅವರು ಇಲ್ಲಿಗೆ ಬರಲೇ ಇಲ್ಲ. ದೇಹೂ ರೋಡಿನ ಬಾಡಿಗೆ ಖೋಲಿಯಲ್ಲೇ ಇದ್ದಾರೆ. ಅವರು ಎಂದು ಬರೆಯಬೇಕೋ ದಿಗಂಬರ ಎಂದು ಬರೆಯಬೇಕೋ ಅದೂ ತಿಳಿಯದಾಗಿದೆ. ಡೈವೋರ್ಸಿಗೆ ಅರ್ಜಿ ಹಾಕಿದ ಮೇಲೆ ಗಂಡನನ್ನು ಹೆಸರು ಹಿಡಿದು ಕರೆಯಬಹುದೇ? ಸಣ್ಣವಳಿದ್ದಾಗ ಕರೆಯುತ್ತಿದ್ದೆನಲ್ಲ, ನಿಮ್ಮ ಅಂಗಳದಲ್ಲಿ ಆಡುವಾಗ. ಅಪ್ಪ ಇದ್ದಿದ್ದರೆ ಹೇಳುತ್ತಿದ್ದರು. ಇಲ್ಲ, ಅಪ್ಪ ಇದ್ದಿದ್ದರೆ ತಂಗಿಯ ಮಗನೇ ಮಗಳನ್ನು ಬಿಡುತ್ತಿದ್ದಾನೆ ಎಂದು ಎದೆ ಒಡೆದುಕೊಳ್ಳುತ್ತಿದ್ದರು. ಇಲ್ಲದ್ದೇ ಒಳ್ಳೆಯದಾಯಿತು.

ಕೋರ್ಟು ನಮ್ಮಿಬ್ಬರನ್ನು ಮೀಡಿಯೇಶನ್ನಿಗೆ ಹಚ್ಚಿದೆ. ಹಾಗೆಂದರೆ ಜಡ್ಜ್ ಮುಂದೆ ಜಗಳಾಡುವ ಮೊದಲು ಒಬ್ಬರ ಮುಂದೆ ಕೂತು ಮಾತಾಡಿಕೊಳ್ಳುವುದು. ನನಗೆ ನಮ್ಮೂರಿನ ಪಂಚರ ನೆನಪಾಯಿತು. ಅವರ ಮುಂದೆ ಬರಿಗೈಯಲ್ಲಿ ಹೋಗುತ್ತಿರಲಿಲ್ಲವಲ್ಲ? ಅದಕ್ಕೆ ಬೆಳಿಗ್ಗೆ ಎದ್ದು ಎಳ್ಳು ಹಚ್ಚಿದ ಕಡಕ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಗೆ ಹಾಕಿಕೊಂಡು ಹೋದೆ. ಮೀಡಿಯೇಟರು ಸುರಭಿ ಮೇಡಂ ಎಂದು, ಬೆಳಗಾವಿ ಕಡೆಯವರು. ಡಬ್ಬಿ ಮೇಜಿನ ಮೇಲೆ ಇಟ್ಟೆ. ಅವರು ಮೆಲ್ಲಗೆ ನನ್ನ ಕಡೆಗೇ ಸರಿಸಿದರು.

"ಇಲ್ಲಿ ಇದನ್ನ ತಗೋಳಂಗಿಲ್ರಿ, ಇಂದೂ ಅವರ."

ನನ್ನ ರೊಟ್ಟಿ ಬೇಡವಾದರೆ ನಿಮ್ಮ ಮಗ ಮೊದಲೇ ಬಂದು ಇನ್ನೇನೋ ಕೊಟ್ಟಿರಬೇಕು ಎಂದುಕೊಂಡೆ. ಅವರು ಬೇರೆ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದರು. ಕೇಳಿದ್ದಕ್ಕೆಲ್ಲ ಮರಾಠಿಯಲ್ಲೇ ಉತ್ತರ. "ಮಲಾ ಸುಟಕಾ ಪಾಹಿಜೆ" ಅಂತ. ಬಿಡುಗಡೆ ಬೇಕಂತೆ, ಜೇಲಿನಲ್ಲಿ ಇದ್ದವರ ಹಾಗೆ. ಸುರಭಿ ಮೇಡಂ ನಕ್ಕರು.

"ಇಬ್ಬರೂ ಕನ್ನಡದವರದೀರಿ. ಜಗಳಾ ಆಡಿದ್ರೂ ಮನಿ ಮಾತಿನ್ಯಾಗ ಆಡ್ರಿ. ನಂಗೂ ಕೇಳಾಕ ಛಲೋ ಅನಸ್ತದ."

ಆಮೇಲೆ ತಿಳಿಸಿ ಹೇಳಿದರು. ಅವರು ತೀರ್ಪು ಕೊಡುವವರಲ್ಲವಂತೆ. ಒಳಗೆ ಆಡಿದ ಮಾತು ಹೊರಗೆ ಜಡ್ಜ್‌ವರೆಗೆ ಹೋಗುವುದಿಲ್ಲವಂತೆ. ಇಬ್ಬರೂ ಒಪ್ಪಿ ಸಹಿ ಮಾಡಿದ್ದಷ್ಟೇ ಹೋಗುತ್ತದಂತೆ. ಫಾರ್ಮಿನಲ್ಲಿ ಮಕ್ಕಳು ಎಂಬ ಜಾಗಕ್ಕೆ ಬಂದಾಗ ಮೇಡಂ ಏನೂ ಕೇಳದೆ ಗೆರೆ ಎಳೆದರು. ನಿಮ್ಮ ಮಗ ಕಿಟಕಿ ನೋಡಿದರು. ನಾನು ಡಬ್ಬಿ ನೋಡಿದೆ.

ಹೊರಡುವಾಗ ಮೇಡಂ, "ಮುಂದಿನ ಸಲ ಬರೂ ಮುಂದ ನಿಮಗೇನ ಬೇಕು ಅಂತ ವಿಚಾರ ಮಾಡಿ ಬರ್ರಿ" ಎಂದರು. ಅವತ್ತಿನಿಂದ ಅದೇ ವಿಚಾರ. ಊಟಕ್ಕೆ ಏನು ಬೇಕು ಎಂದರೆ ಹೇಳಬಹುದು. ಇದಕ್ಕೆ ಏನು ಹೇಳಬೇಕು? ಹೆಚ್ಚು ಕೇಳಿದರೆ ದುರಾಸೆಯವಳು, ಕಡಿಮೆ ಕೇಳಿದರೆ ದಡ್ಡಿ. ಏನೂ ಬೇಡ ಎಂದರೆ ಸೊಕ್ಕಿನವಳು. ನೀವಿದ್ದಿದ್ದರೆ ಒಂದು ಮಾತು ಹೇಳುತ್ತಿದ್ದಿರಿ.

ಖಾನಾವಳಿಗೆ ಕೊಡುವ ರೊಟ್ಟಿ ಕೆಲಸ ಚೆನ್ನಾಗಿ ನಡೆದಿದೆ. ನೀವಿಲ್ಲದ್ದಕ್ಕೆ ಏನೂ ಕಡಿಮೆಯಾಗಿಲ್ಲ. ಆ ಚಿಂತೆ ಬೇಡ.

ನಿಮ್ಮ
ಇಂದೂ


ಗೋಕಾಕ
19 ಜುಲೈ 2024

ಇಂದೂಗೆ ಭೀಮವ್ವನ ಆಶೀರ್ವಾದ.

ಕಾಗದ ಬಂತು. ಗಿರಣಿಯಲ್ಲಿ ಜೋಳ ಬೀಸಿ ಮುಗಿಯುವ ತನಕ ಓದಿದೆ. ನೀನು ಬರೆದದ್ದು ಬಹಳ, ಅದರಲ್ಲಿ ಅಂಜಿಕೆಯೇ ಮುಕ್ಕಾಲು. ಅನುಸೂಯಾ ಕೇಳಿದಳು, "ಏನವ್ವ, ಸೊಸಿ ಏನ ಪುರಾಣ ಬರದಾಳ?" ಎಂದು. ಮಳೆ ಬಂದದ್ದು ಬರೆದಿದ್ದಾಳೆ ಎಂದೆ.

ಆ ಮೇಡಂ ರೊಟ್ಟಿ ಮುಟ್ಟಲಿಲ್ಲ ಅಂದರೆ ಒಳ್ಳೆಯ ಹೆಂಗಸು. ನಮ್ಮೂರ ಪಂಚರು ಎರಡೂ ಕಡೆ ಉಂಡು, ಕೈ ತೊಳೆದು, ತುಪ್ಪ ಹೆಚ್ಚು ಹಾಕಿದವನ ಕಡೆ ವಾಲುತ್ತಿದ್ದರು. ನಾನು ಕಣ್ಣಾರೆ ಕಂಡಿದ್ದೇನೆ. ಡಬ್ಬಿ ಮನೆಯಲ್ಲಿ ಬಿಟ್ಟು ಹೋಗು.

ಅವರ ಮುಂದೆ ಅಳಬೇಡ. ತಲೆ ಬಗ್ಗಿಸಬೇಡ. ದಿಗಂಬರ ದನಿ ಏರಿಸಿದರೆ ಏರಿಸಲಿ, ಸಣ್ಣವನಿದ್ದಾಗಿನಿಂದ ಅವನಿಗೆ ಅಂಜಿಕೆಯಾದರೆ ದನಿ ಏರುತ್ತದೆ.

ಇನ್ನೊಂದು. ಅಲ್ಲಿ ನನ್ನ ಮಾತು ಎತ್ತಬೇಡ. ನಿನ್ನ ವ್ಯವಹಾರ ನೀನು ನೋಡಿಕೋ, ನನ್ನ ಚಿಂತೆ ಬಿಡು. ನಾನು ಇಲ್ಲಿ ಆರಾಮ ಇದ್ದೇನೆ. ಮಗಳು ಅಳಿಯ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಭೀಮವ್ವ


ಬಿಬವೇವಾಡಿ, ಪುಣೆ
12 ಆಗಸ್ಟ್ 2024

ಅತ್ತೆಯವರಿಗೆ ಇಂದೂವಿನ ನಮಸ್ಕಾರ.

ನನ್ನ ಚಿಂತೆ ಬಿಡು ಎಂದು ಬರೆದಿರಿ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮಗಳ ಮನೆ ಒಗ್ಗಿಹೋಯಿತೇನೋ, ಮಗನ ಪರವಾಗಿ ನಿಂತರೇನೋ, ನನ್ನನ್ನು ಮೆಲ್ಲಗೆ ದೂರ ಮಾಡುತ್ತಿದ್ದಾರೇನೋ ಎಂದು ಏನೇನೋ ಹೊಳೆದವು. ಬೈಯಬೇಡಿರಿ, ನನ್ನ ತಲೆಯೇ ಹಾಗೆ, ಹಾಲು ಕಾಯಿಸಲು ಇಟ್ಟರೆ ಉಕ್ಕುವ ಮೊದಲೇ ಒಲೆ ಒರೆಸುವವಳು ನಾನು.

ಅದಕ್ಕೇ ಈ ಸಲ ಗಟ್ಟಿ ಮನಸ್ಸು ಮಾಡಿ ಒಂದು ಕೆಲಸ ಮಾಡಿ ಬಂದಿದ್ದೇನೆ. ನೀವು ಖುಷಿಪಡುತ್ತೀರಿ.

ಹೊರಗೆ ಬೆಂಚಿನ ಮೇಲೆ ಪಾಳಿಗಾಗಿ ಕೂತಿದ್ದಾಗ ಒಬ್ಬ ಹುಡುಗಿ ಸಿಕ್ಕಳು. ಅವಳದೂ ಇದೇ ಗತಿ. ಮಗಳು ಇದ್ದಾಳೆ, ಮೂರನೇ ಇಯತ್ತೆ. ಅವಳ ಕೈಯಲ್ಲಿ ಮಗು ಯಾವ ದಿನ ಯಾರ ಹತ್ತಿರ ಇರಬೇಕು ಎಂದು ಬರೆದ ಹಾಳೆ ಇತ್ತು. ಶಾಲೆಯ ದಿನ ತಾಯಿಯ ಹತ್ತಿರ, ಶನಿವಾರ ರವಿವಾರ ತಂದೆಯ ಹತ್ತಿರ, ದೀಪಾವಳಿ ಒಂದು ವರ್ಷ ಇವರಿಗೆ ಒಂದು ವರ್ಷ ಅವರಿಗೆ. ಬರೆದದ್ದನ್ನು ಯಾರೂ ತಪ್ಪಿಸುವ ಹಾಗಿಲ್ಲವಂತೆ. ಅದನ್ನು ನೋಡಿದ ಕೂಡಲೇ ನನಗೆ ಏನು ಬೇಕು ಎಂದು ಗೊತ್ತಾಗಿಬಿಟ್ಟಿತು. ಮಕ್ಕಳಿಲ್ಲದವರದು ಬೇಗ ಮುಗಿಯುತ್ತದೆ, ಹಂಚಿಕೊಳ್ಳಲು ಏನಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಇದೆಯಲ್ಲ!

ಮೇಡಂ ನನ್ನೊಬ್ಬಳನ್ನೇ ಒಳಗೆ ಕರೆದು, "ಹೇಳ್ರಿ, ಏನ ಬೇಕು?" ಎಂದರು.

"ಅತ್ತಿ ಬೇಕ್ರಿ" ಎಂದೆ.

ಅವರ ಪೆನ್ನು ನಿಂತಿತು. "ಯಾರು?"

"ನಮ್ಮತ್ತಿ. ಅವರ ಅವ್ವ. ನಮ್ಮಪ್ಪನ ಸ್ವಂತ ತಂಗಿ. ನಾವಿಬ್ಬರೂ ಕೂಡೇ ರೊಟ್ಟಿ ಬಡಿತೀವ್ರಿ. ಅವರನ್ನ ಗೋಕಾಕದಾಗ ಇಟ್ಟಾರ. ನಂಗ ಬ್ಯಾರೆ ಏನೂ ಬ್ಯಾಡ."

ಆಮೇಲೆ ನಿಮ್ಮ ಮಗನನ್ನೂ ಒಳಗೆ ಕರೆದರು. ಅವರ ಮುಖ ಕೆಂಪಾಯಿತು. "ಅವ್ವ ನನ್ನ ಹಡದಾಕಿ. ಇಕಿಗೇನ ಹಕ್ಕದ? ನಾ ಸಾಕಂಗಿಲ್ಲ ಅಂತ ಊರಮಂದಿ ಆಡ್ಕೋಬೇಕೇನ?" ಎಂದು ಮೇಜು ಬಡಿದರು. ನೀವು ಹೇಳಿದ್ದು ನೆನಪಾಯಿತು. ಅಂಜಿದ್ದಾರೆ ಎಂದುಕೊಂಡೆ. ನನಗೂ ಬಾಯಿ ಬಂತು.

"ಊರಾಗ ಅಣ್ಣತಮ್ಮರು ಬ್ಯಾರೆ ಆದ್ರ ತಾಯೀನ ಪಾಳಿ ಮ್ಯಾಲೆ ಇಟ್ಕೋತಾರ. ನಾವೂ ಬ್ಯಾರೆ ಆಗಾಕ ಹತ್ತೇವಿ. ಪಾಳಿ ಮಾಡ್ರಿ."

ಇದು ನನ್ನ ಬಾಯಿಂದಲೇ ಬಂತೇ ಎಂದು ನನಗೇ ಆಶ್ಚರ್ಯ. ಅವರು ಬಹಳ ಹೊತ್ತು ಗೊಣಗಿದರು, ಕಡೆಗೆ ಒಪ್ಪಿದರು. ಚೈತ್ರದಿಂದ ಭಾದ್ರಪದದ ತನಕ ನೀವು ಬಿಬವೇವಾಡಿಯಲ್ಲಿ ನನ್ನ ಹತ್ತಿರ. ಆಶ್ವೀಜದಿಂದ ಫಾಲ್ಗುಣದ ತನಕ ದೇಹೂ ರೋಡಿನಲ್ಲಿ ಅವರ ಹತ್ತಿರ. ಯಾರೂ ಸೋಲಲಿಲ್ಲ. ಮೇಡಂ ಮಾತ್ರ, "ಇದನ್ನ ಬರಿಯೂದಕ್ಕ ಮೊದಲ ಅವರನ್ನೊಮ್ಮೆ ಕೇಳ್ಬೇಕಲ್ರಿ" ಎಂದರು. ನಾನು, "ನಮ್ಮತ್ತಿ ನಮ್ಮವರು, ಅವರನ್ನ ಕೇಳೂದೇನ್ರಿ" ಎಂದೆ. ಅವರೂ ಅದನ್ನೇ ಅಂದರು. ಎಷ್ಟೋ ತಿಂಗಳಾದ ಮೇಲೆ ನಾವಿಬ್ಬರೂ ಒಂದೇ ಮಾತು ಆಡಿದ್ದು ಅದು.

ಈಗ ಕರಡು ಬರೆದಿದ್ದಾರೆ. ಸಹಿ ಮುಂದಿನ ಸಲ. ನಿಮ್ಮ ಹೆಸರು ನಾಲ್ಕನೇ ಕಲಮಿನಲ್ಲಿ ಇದೆ, ಭೀಮವ್ವ ಎಂದು ಪೂರ್ತಿ ಬರೆಸಿದ್ದೇನೆ.

ಬೇಗ ಉತ್ತರ ಬರೆಯಿರಿ. ನನ್ನನ್ನು ಬಿಟ್ಟಿಲ್ಲ ಎಂದು ಒಂದು ಸಾಲು ಬರೆಯಿರಿ.

ಇಂದೂ


ಬಿಬವೇವಾಡಿ, ಪುಣೆ
9 ಸೆಪ್ಟೆಂಬರ್ 2024

ಅತ್ತೆಯವರಿಗೆ,

ಉತ್ತರ ಬರಲಿಲ್ಲ. ಕಾಗದ ಅಳಿಯನ ಕೈಗೆ ಬಿತ್ತೇ, ನಿಮಗೆ ಆರಾಮ ಇಲ್ಲವೇ, ಗಿರಣಿ ಮುಚ್ಚಿತೇ ಎಂದು ದಿನಕ್ಕೊಂದು ಯೋಚಿಸುತ್ತಿದ್ದೆ. ಪೋಸ್ಟಿನವನು ನನ್ನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸಿ ಇಲ್ಲ ಎನ್ನುತ್ತಾನೆ.

ಈಗ ಕಾರಣ ತಿಳಿಯಿತು.

ಮೇಡಂ ನನ್ನನ್ನು ಶನಿವಾರದ ಗುಂಪಿಗೆ ಹಾಕಿದ್ದಾರೆ. ನಮ್ಮಂಥ ಹೆಂಗಸರು ಒಂದು ಕೋಣೆಯಲ್ಲಿ ಕೂತು ಚಹಾ ಕುಡಿದು ಮನಸ್ಸಿನಲ್ಲಿದ್ದದ್ದು ಹೇಳಿಕೊಳ್ಳುವುದು. ಅಲ್ಲಿ ಲೀಲಾಕ್ಷಿ ಎಂದು ಒಬ್ಬರು ಇದ್ದಾರೆ, ಮಂಗಳೂರು ಕಡೆಯ ಹೋಟೆಲಿನವರ ಮನೆಯವರು, ಬಾಯಿ ಬಹಳ ಜೋರು. ಹೋದ ತಿಂಗಳ ಕಡೆಯ ಶನಿವಾರ ನಾನು ನಮ್ಮ ಪಾಳಿಯ ಸುದ್ದಿಯನ್ನು ಹೆಮ್ಮೆಯಿಂದ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರೊಬ್ಬರು ಮಾತ್ರ, "ಅದೆಲ್ಲ ಸರಿ ಮಾರಾಯ್ತಿ, ಆ ಅತ್ತೆಗೆ ಬಾಯಿ ಇಲ್ವಾ? ಅವ್ರು ಹೇಳಿದ್ದು ಎಂತ?" ಎಂದರು. ನನಗೆ ಸಿಟ್ಟು ಬಂತು. ನಮ್ಮ ಅತ್ತೆ ಬೇರೆಯವರ ಅತ್ತೆಯ ಹಾಗಲ್ಲ ಎಂದೆ.

ಇವತ್ತು ಮುಂದಿನ ತಾರೀಖು ಕೇಳಲು ಹೋದಾಗ ಕೋರ್ಟಿನ ಮೆಟ್ಟಿಲ ಹತ್ತಿರ ನಿಮ್ಮ ಮಗ ಸಿಕ್ಕರು. ಗಣಪತಿಯ ಢೋಲಿನ ಸಪ್ಪಳದಲ್ಲಿ ಮೊದಲು ನನಗೆ ಕೇಳಲಿಲ್ಲ, ಹತ್ತಿರ ಬಂದು ಹೇಳಿದರು.

"ಅವ್ವ ಅಥಣಿಗೆ ಹೋಗಿ ನಂಗ ಹೆಣ್ಣ ನೋಡಿ ಬಂದಾಳ. ನೀ ಇಲ್ಲಿ ಅತ್ತಿ ಬೇಕು ಅತ್ತಿ ಬೇಕು ಅಂತ ಕುಂದ್ರು."

ನಿಜವೇ ಅತ್ತೆ? ಸುಳ್ಳಾದರೆ ಅವರು ಊರಿನ ಹೆಸರು ಹೇಳುತ್ತಿರಲಿಲ್ಲ. ಆ ಹೆಣ್ಣಿನ ಮನೆಯಲ್ಲಿ ನಿಮಗೆ ಏನು ತಿನ್ನಲು ಕೊಟ್ಟರು? ಹುಡುಗಿ ಬೆಳ್ಳಗಿದ್ದಾಳೆಯೇ? ರೊಟ್ಟಿ ಬಡಿಯಲು ಬರುತ್ತದೆಯೇ? ಕೇಳಿದಿರೋ ಇಲ್ಲವೋ?

ನಾನು ಅಂಜುಬುರುಕಿ, ನನಗೂ ಗೊತ್ತು. ಆದರೆ ಇದಕ್ಕೆ ನಾನು ಅಂಜುವುದಿಲ್ಲ. ನೀವು ಅಲ್ಲಿಗೆ ಹೋಗಿ ಅವರ ಮನೆಯ ಚಹಾ ಕುಡಿದಿದ್ದರೆ, ನನ್ನ ಪಾಳಿಯ ತಿಂಗಳುಗಳನ್ನೂ ಆ ಹೊಸಬಳಿಗೇ ಕೊಟ್ಟುಬಿಡಿರಿ. ಇಲ್ಲಿ ನಾನೊಬ್ಬಳೇ ರೊಟ್ಟಿ ಬಡಿಯುತ್ತೇನೆ. ಇನ್ನು ಮೇಲೆ ಕಾಗದ ಬರೆಯುವುದಿಲ್ಲ.

ಇಂದೂ


ಗೋಕಾಕ
30 ಸೆಪ್ಟೆಂಬರ್ 2024

ಇಂದೂ,

ಎರಡು ಸಲ ಬರೆದು ಎರಡೂ ಹರಿದು ಗಿರಣಿಯ ಹೊಟ್ಟಿನಲ್ಲಿ ಹಾಕಿದೆ. ಸಿಟ್ಟಿನಲ್ಲಿ ಬರೆದರೆ ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ಈಗ ಸಿಟ್ಟು ಇಳಿದಿಲ್ಲ, ಆದರೆ ಅಕ್ಷರ ಕೂತಿದೆ. ಕೇಳು.

ಅಥಣಿಗೆ ಹೋಗಿದ್ದೆ. ಹೌದು. ಪಾರವ್ವ, "ನಮ್ಮ ನೆಗೆಣ್ಣಿ ಮಗಳ ಕುಬಸ ಅದ, ನಡೀ" ಎಂದಳು. ಬಸುರಿಯ ಮನೆ ಎಂದು ನಾನು ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ. ಹೋಗಿ ನೋಡಿದರೆ ಬಸುರಿಯೂ ಇಲ್ಲ, ಬಳೆಯೂ ಇಲ್ಲ. ಸಾಲಾಗಿ ಕುರ್ಚಿ ಹಾಕಿದ್ದಾರೆ, ತಾಟಿನಲ್ಲಿ ಚುರುಮುರಿ ಸೂಸಲ ಇಟ್ಟಿದ್ದಾರೆ. ಒಳಗಿಂದ ಒಬ್ಬ ಹುಡುಗಿ ತಲೆ ಮೇಲೆ ಸೆರಗು ಹೊದ್ದು ಚಹಾ ತಂದಳು. ನನಗೆ ಆಗ ತಿಳಿಯಿತು.

ಚಹಾ ಮುಟ್ಟಲಿಲ್ಲ. ಅದು ಮೊದಲ ಮಾತು, ನೀನು ಕೇಳಿದ್ದೀ ಅದಕ್ಕೆ ಹೇಳಿದೆ. ಆ ಹುಡುಗಿಗೆ ಕೇಳಿದೆ, "ತಂಗೀ, ಹುಡುಗಗ ಮದವಿ ಆಗೇದಂತ ನಿಂಗ ಹೇಳ್ಯಾರೇನ?" ಎಂದು. ಅವಳ ತಾಯಿ ಗಾಬರಿಯಾಗಿ, "ಸೋಡಚೀಟಿ ಆಗಿ ಗಂಡ ಹೆಂಡ್ತಿ ಬ್ಯಾರೆ ಆಗ್ಯಾರ ಅಂದ್ರಲ್ರಿ" ಎಂದಳು.

"ಆಗಿಲ್ಲ. ನಾಳೆ ಆದ್ರೂ ಅಕಿ ನನ್ನ ಅಣ್ಣನ ಮಗಳು. ಯಾವ ಕೋರ್ಟು ಅದನ್ನ ಬಿಡಸೂದಿಲ್ಲ. ನಿಮ್ಮ ಹುಡುಗಿ ಮಾಡಿದ ಸಾರಿನ್ಯಾಗ ನಾ ದಿನಾ ಇಂದೂನ ಸಾರು ನೆನಸ್ತೇನಿ. ನಡೀತದೇನು?"

ಆ ಹುಡುಗಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಒಳ್ಳೆಯ ಹುಡುಗಿ, ಅವಳದೇನು ತಪ್ಪು. ಬೆಳ್ಳಗೇ ಇದ್ದಾಳೆ. ದಾರಿಯುದ್ದಕ್ಕೂ ಪಾರವ್ವ ಅತ್ತಳು, ಅಳಿಯ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಮನೆ ತಣ್ಣಗಾಗಿದೆ. ಇದನ್ನು ನಿನಗೆ ಬರೆಯಲಿಲ್ಲ, ಬರೆದರೆ ನೀನು ನಿದ್ದೆ ಬಿಡುತ್ತಿದ್ದೆ. ಈಗ ನೋಡಿದರೆ ನಾನು ಬರೆಯದಿದ್ದರೂ ನಿದ್ದೆ ಬಿಟ್ಟಿದ್ದೀ.

ದಿಗಂಬರ ಹೇಳಿದ, ನೀನು ನಂಬಿದೆ. ಹೋಗಿ ಏನು ಹೇಳಿದಿರಿ ಎಂದು ನನ್ನನ್ನು ಕೇಳಲಿಲ್ಲ. ಸೂಸಲ ತಿಂದಿರಾ ಎಂದು ಕೇಳಿದೆ.

ಆದರೆ ನಾನು ಉತ್ತರ ಬರೆಯದೆ ಕೂತದ್ದು ಅದಕ್ಕಲ್ಲ. ನಿನ್ನ ಪಾಳಿಯ ಕಾಗದಕ್ಕೆ.

ನನ್ನ ಅತ್ತೆ, ದಿಗಂಬರನ ಅಜ್ಜಿ, ಅವಳನ್ನು ನೀನು ನೋಡಿಲ್ಲ. ವಾಟ್ನಿಯಾದಾಗ ಮೂರು ಗಂಡುಮಕ್ಕಳು ಹೊಲ ಹಂಚಿಕೊಂಡರು, ಎತ್ತು ಹಂಚಿಕೊಂಡರು, ಕಡೆಗೆ ಅವಳನ್ನೂ ಹಂಚಿಕೊಂಡರು. ಒಬ್ಬೊಬ್ಬರಿಗೆ ನಾಲ್ಕು ತಿಂಗಳು, ತಿಂಗಳ ಹೆಸರು ಹಿಡಿದು. ಪಾಳಿ ಮುಗಿದ ಅಮಾವಾಸ್ಯೆಗೆ ಸೀರೆಯ ಗಂಟು ಕಟ್ಟಿಕೊಂಡು ಮುಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಒಳಗೆ ಬಾ ಎನ್ನುವ ತನಕ ಹೊಸ್ತಿಲು ದಾಟುತ್ತಿರಲಿಲ್ಲ. ಒಂದು ವರ್ಷ ಅಧಿಕ ಮಾಸ ಬಂತು. ಹನ್ನೆರಡು ತಿಂಗಳು ಹಂಚಿದ್ದರು, ಇದು ಹದಿಮೂರನೆಯದು. ನನ್ನ ಪಾಳಿಯಲ್ಲ ಎಂದು ಹಿರಿಯವನು, ನನ್ನದೂ ಅಲ್ಲ ಎಂದು ನಡುವಿನವನು. ಮುದುಕಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಕಿರಿಯ ಸೊಸೆ, ತಲೆ ಮೇಲಿನ ಸೆರಗೂ ಸರಿಯಾಗಿ ನಿಲ್ಲದ ವಯಸ್ಸು. ಯಾರನ್ನೂ ಕೇಳದೆ ಹೋಗಿ ಕೈ ಹಿಡಿದು ಕರೆದುಕೊಂಡು ಬಂದೆ. ಅವಳು ಏನೆಂದಳು ಗೊತ್ತೇ? "ಭೀಮವ್ವ, ಇದು ಯಾರ ಲೆಕ್ಕಕ್ಕ ಹಿಡೀತೀಯ?" ಎಂದಳು.

ನಿನ್ನ ನಾಲ್ಕನೇ ಕಲಮಿನಲ್ಲಿ ಅಧಿಕ ಮಾಸವನ್ನು ಯಾರಿಗೆ ಬರೆಸಿದ್ದೀ?

ನನ್ನನ್ನು ಗೋಕಾಕಕ್ಕೆ ತಂದು ಬಿಟ್ಟವನು ನನ್ನನ್ನು ಕೇಳಲಿಲ್ಲ. ಅಥಣಿಗೆ ಕರೆದೊಯ್ದವಳು ಕೇಳಲಿಲ್ಲ. ನೀನು ಕೇಳುತ್ತೀ ಎಂದಿದ್ದೆ. ನನ್ನ ಮಾತು ಎತ್ತಬೇಡ ಎಂದು ಬರೆದೆನಲ್ಲ, ಇದಕ್ಕೇ. ಮಾತು ಎತ್ತಿದರೆ ನನ್ನನ್ನು ತಕ್ಕಡಿಗೆ ಹಾಕುತ್ತಾರೆ ಎಂದು ಗೊತ್ತಿತ್ತು. ಹಾಕುವವಳು ನೀನೇ ಆಗುತ್ತೀ ಎಂದು ಗೊತ್ತಿರಲಿಲ್ಲ. ಎಮ್ಮೆ ಮಾರುವವರೂ ಒಮ್ಮೆ ಅದರ ಮೈ ಸವರುತ್ತಾರೆ.

ನನ್ನ ಹೆಸರನ್ನು ಆ ಕಾಗದದಿಂದ ತೆಗೆಸು. ತೆಗೆಸಿದ ಮೇಲೆ ನಾನು ಎಲ್ಲಿಗೆ ಬರುತ್ತೇನೆ, ಬರುತ್ತೇನೋ ಇಲ್ಲವೋ, ಅದನ್ನು ಈಗ ಹೇಳುವುದಿಲ್ಲ. ಹೇಳಿದರೆ ಅದೂ ಒಂದು ಕಲಮು ಆದೀತು.

ಭೀಮವ್ವ


ಬಿಬವೇವಾಡಿ, ಪುಣೆ
21 ಅಕ್ಟೋಬರ್ 2024

ಅತ್ತೆಯವರಿಗೆ,

ಇವತ್ತು ಕಡೆಯ ಮೀಟಿಂಗು ಆಯಿತು. ಬಂದು ಕೈಕಾಲು ತೊಳೆದು ನೇರ ಬರೆಯಲು ಕೂತಿದ್ದೇನೆ.

ನಿಮ್ಮ ಕಾಗದ ಬಂದಾಗಿನಿಂದ ನನ್ನ ತಲೆಯಲ್ಲಿ ಎರಡು ಹೆಂಗಸರು ಜಗಳಾಡುತ್ತಿದ್ದರು. ಒಬ್ಬಳು ತೆಗೆಸು ಎನ್ನುತ್ತಿದ್ದಳು. ಇನ್ನೊಬ್ಬಳು, ಹುಚ್ಚಿ, ಕೈಯಲ್ಲಿದ್ದದ್ದನ್ನು ಯಾಕೆ ಬಿಡುತ್ತೀ, ಅರ್ಧ ವರ್ಷವಾದರೂ ಗ್ಯಾರಂಟಿ ಇದೆ, ಬರೆದದ್ದನ್ನು ಯಾರೂ ತಪ್ಪಿಸುವ ಹಾಗಿಲ್ಲ, ತೆಗೆಸಿದರೆ ಅವರು ನಿಮ್ಮನ್ನು ಪೂರ್ತಿ ಒಯ್ದುಬಿಡುತ್ತಾರೆ ಎನ್ನುತ್ತಿದ್ದಳು. ಶನಿವಾರ ಲೀಲಾಕ್ಷಿಯವರ ಹತ್ತಿರ ಹೇಳಿದೆ. ನಾನು ಅವತ್ತೇ ಹೇಳ್ಲಿಲ್ವಾ ಎನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ. "ಹೆದರಿಕೆ ಆಗ್ತದಾ? ಆಗ್ಲಿ ಬಿಡಿ. ಹೆದರಿಕೊಂಡೇ ಹೋಗಿ ಹೇಳಿ ಬನ್ನಿ" ಎಂದು ನನ್ನ ಕಪ್ಪಿಗೆ ಇನ್ನಷ್ಟು ಚಹಾ ಹಾಕಿದರು.

ಮೇಡಂ ಕರಡನ್ನು ಒಂದೊಂದೇ ಕಲಮು ಓದಿದರು. ನಾಲ್ಕಕ್ಕೆ ಬಂದಾಗ ನಾನು ಕೈ ಎತ್ತಿ ತಡೆದೆ. "ಅದನ್ನ ಹೊಡದ ಹಾಕ್ರಿ" ಎಂದೆ. ದನಿ ಎಷ್ಟು ಸಣ್ಣಗಿತ್ತೆಂದರೆ ಮೇಡಂ ಮತ್ತೊಮ್ಮೆ ಕೇಳಿದರು. ಈ ಸಲ ಜೋರಾಗಿಯೇ ಹೇಳಿದೆ.

"ಯಾಕ್ರಿ? ಇದೊಂದೇ ಬೇಕು ಅಂದಿದ್ರಿ."

"ಅವರನ್ನ ಕೇಳಿದ್ದಿಲ್ರಿ. ತಪ್ಪಾತು."

ದಿಗಂಬರ ಕುರ್ಚಿಯಲ್ಲಿ ನೆಟ್ಟಗಾದ. ಹೌದು, ದಿಗಂಬರ ಎಂದೇ ಬರೆಯುತ್ತೇನೆ ಇನ್ನು. "ಹೊಡದ ಹಾಕಿದ್ರ ಅವ್ವ ಕಾಯಮ್ ನನ್ನ ಕಡೆ. ಆಮ್ಯಾಲೆ ಬಂದು ಅತ್ತರ ನಾ ಕಳಸಂಗಿಲ್ಲ, ಈಗ ಹೇಳ್ತೇನಿ."

"ಕಳಸಾಕ ಅವರೇನ ಪಾರ್ಸಲ್ಲೇನ? ಕಳಸಾಂವ ನೀ ಯಾರು, ಇಸ್ಕೊಳ್ಳಾಕಿ ನಾ ಯಾರು?"

ಮೇಡಂ ನೀರಿನ ಗ್ಲಾಸು ಬಾಯಿಗೆ ಹಿಡಿದರು, ಕುಡಿಯಲಿಲ್ಲ. ದಿಗಂಬರ ಎದ್ದು ನಿಂತ. ನಾನೂ ಎದ್ದು ನಿಂತೆ, ಯಾಕೆ ನಿಂತೆನೋ ಗೊತ್ತಿಲ್ಲ.

"ನಾನೂ ಅಕಿ ಮಗಾ ಅದೇನಿ" ಎಂದ. ದನಿ ಏರಿತ್ತು.

"ಅದೀ. ಯಾರ ಇಲ್ಲ ಅಂದ್ರು? ಹೋಗಿ ಕೇಳು. ಅವ್ವಾ, ಎಲ್ಲಿರ್ತೀ ಅಂತ ಒಮ್ಮೆ ಬಾಯಿ ಬಿಟ್ಟು ಕೇಳಿ ನೋಡು."

ಅವನು ಕೂತ. ಆಮೇಲೆ, "ಕೇಳಿದ್ರ ಏನಂತಾಳ ಅಂತ ಗೊತ್ತದ ನಂಗ. ಅದಕ್ಕ ಕೇಳಿಲ್ಲ" ಎಂದ. ಕನ್ನಡದಲ್ಲಿ, ಮೆಲ್ಲಗೆ. ಅತ್ತೆ, ಆ ಹೊತ್ತಿಗೆ ಅವನು ನಿಮ್ಮ ಅಂಗಳದಲ್ಲಿ ಗೋಲಿ ಸೋತು ಮುಖ ಊದಿಸಿಕೊಳ್ಳುತ್ತಿದ್ದ ಹುಡುಗನ ಹಾಗೇ ಕಂಡ. ನನಗೆ ಅವನ ಮೇಲೆ ಸಿಟ್ಟು ಉಳಿದಿದೆ, ಇಲ್ಲ ಎನ್ನುವುದಿಲ್ಲ. ಆದರೆ ಅಂಜಿಕೆ ಉಳಿದಿಲ್ಲ.

ಮೇಡಂ ನಾಲ್ಕನೇ ಕಲಮಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಇಬ್ಬರ ಸಹಿ ಕೇಳಿದರು. ಮೊದಲು ನಾನು ಮಾಡಿದೆ. ಅವನೂ ಮಾಡಿದ. ಆಮೇಲೆ ಉಳಿದದ್ದಕ್ಕೂ ಸಹಿಯಾಯಿತು. ಇಬ್ಬರ ಒಪ್ಪಿಗೆಯ ಮೇಲೆ ಬೇರೆಯಾಗುತ್ತೇವೆ. ಇನ್ನು ಜಡ್ಜ್ ಮುಂದೆ ಹೋಗಿ ಹೌದು ಎನ್ನುವುದಷ್ಟೇ ಬಾಕಿ.

ಹೊರಗೆ ಬಂದ ಮೇಲೆ ಇದ್ದ ಒಂದು ಹಗ್ಗವನ್ನೂ ನಾನೇ ಕೊಯ್ದುಕೊಂಡೆನಲ್ಲ ಎನ್ನಿಸಿತು. ಬಸ್ಸಿನಲ್ಲಿ ಕೂತು ಮತ್ತೆ ಹೇಳಿಕೊಂಡೆ, ಕೊಯ್ದದ್ದು ನಿಮ್ಮ ಕಾಲಿಗೆ ಕಟ್ಟಿದ್ದ ಹಗ್ಗ.

ಈಗ ನಿಜ ಹೇಳುತ್ತೇನೆ. ರೊಟ್ಟಿ ಕೆಲಸ ಚೆನ್ನಾಗಿ ನಡೆದಿಲ್ಲ. ನೀವು ಗೋಕಾಕಕ್ಕೆ ಹೋದ ವಾರವೇ ನನ್ನ ಬಲಗೈ ಮಣಿಕಟ್ಟು ಉಳುಕಿತು. ಬಡಿದರೆ ರೊಟ್ಟಿ ಒಂದು ಕಡೆ ದಪ್ಪವಾಗುತ್ತದೆ. ಖಾನಾವಳಿಯವರು ಎರಡು ಸಲ ಮರಳಿ ಕಳಿಸಿ, ಮೂರನೆಯ ಸಲ ಬೇಡವೆಂದರು. ಇದನ್ನು ಬರೆದದ್ದು ನಿಮಗೆ ಕನಿಕರ ಬರಲಿ ಎಂದಲ್ಲ. ಗೊತ್ತಿಲ್ಲದೆ ನೀವು ಏನನ್ನೂ ತೀರ್ಮಾನ ಮಾಡಬಾರದು ಎಂದು. ಕೈ ಈಗ ಅರ್ಧ ಸರಿಯಾಗಿದೆ. ಅರ್ಧ ಕೈಯಿಂದಲೂ ನಾನು ಬದುಕುತ್ತೇನೆ.

ಬರ್ರಿ ಎಂದು ಬರೆಯುವುದಿಲ್ಲ. ಬರಬೇಡ್ರಿ ಎಂದೂ ಬರೆಯುವುದಿಲ್ಲ. ಕೇಳುತ್ತೇನೆ, ಅಷ್ಟೇ. ನಿಮಗೆ ಎಲ್ಲಿರಬೇಕು ಅತ್ತೆ?

ಇಂದೂ


ಗೋಕಾಕ
4 ನವೆಂಬರ್ 2024

ಇಂದೂ,

ದೀಪಾವಳಿಯ ಪಾಡ್ಯಕ್ಕೆ ದಿಗಂಬರ ಇಲ್ಲಿಗೆ ಬಂದಿದ್ದ. ಎಣ್ಣೆ ಹಚ್ಚಿ ಎರೆದೆ. ತಲೆಯ ಮೇಲೆ ನೀರು ಬೀಳುವಾಗ, ಕಣ್ಣು ಮುಚ್ಚಿಕೊಂಡೇ, "ಅವ್ವಾ, ನೀ ಎಲ್ಲಿರ್ತೀ?" ಎಂದ. ಯಾರು ಹೇಳಿಕೊಟ್ಟರೋ. ಕೇಳಿದನಲ್ಲ, ಅವನಿಗೂ ಉತ್ತರ ಹೇಳಿದೆ. ನಿನಗೂ ಅದನ್ನೇ ಹೇಳುತ್ತೇನೆ.

ನನಗೆ ರೊಟ್ಟಿ ಬಡಿಯುವ ಜಾಗದಲ್ಲಿ ಇರಬೇಕು. ಇಲ್ಲಿ ಮೊಮ್ಮಕ್ಕಳ ಮೂಗು ಒರೆಸಿ, ಟೀವಿ ನೋಡಿ, ಉಂಡು, ಮಲಗಿ ನನ್ನ ಕೈಗೆ ಜಂಗು ಹಿಡಿದಿದೆ. ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಬರೆದಿದ್ದೆನಲ್ಲ, ಅದು ನಿಜ. ಕಟ್ಟಿದ ದನವನ್ನೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ.

ಮಾತು ಬಿಟ್ಟಿದ್ದ ಅಳಿಯ ನಿನ್ನೆ ಬಾಯಿ ತೆರೆದ. "ಹೆಂಡ್ತಿ ಬಿಟ್ಟ ಮ್ಯಾಲೆ ಅಕಿ ಮನ್ಯಾಗ ಗಂಡನ ತಾಯಿ ಇದ್ರ ಮಂದಿ ಏನಂದಾರು?" ಎಂದ. "ಮಂದಿಗಿ ನಾ ಇಲ್ಲಿಂದ ಹೇಳಿ ಕಳಸ್ತೇನಿ ಬಿಡಪಾ, ಭೀಮವ್ವ ಅಣ್ಣನ ಮಗಳ ಮನಿಗಿ ಹೋಗ್ಯಾಳ ಅಂತ" ಎಂದೆ. "ಮತ್ತ ನಿಮ್ಮ ಮಗಾ?" ಎಂದ. "ಅಂವಾ ಬಂದು ಉಂಡು ಹೋಗ್ತಾನ. ತಾಟ ತೊಳದ ಇಟ್ಟು ಹೋಗ್ಬೇಕು ಅಷ್ಟ" ಎಂದೆ. ಪಾರವ್ವ ಬಾಗಿಲ ಹಿಂದೆ ನಕ್ಕಳು, ನಾನು ಕೇಳಿಸಿಕೊಂಡೆ.

ನನ್ನ ಕರಾರು ಮೊದಲೇ ಹೇಳುತ್ತೇನೆ. ಮನಸ್ಸಾದಾಗ ನಾನು ದೇಹೂ ರೋಡಿಗೆ ಹೋಗುತ್ತೇನೆ, ಮನಸ್ಸಾದಾಗ ಬರುತ್ತೇನೆ. ಯಾವಾಗ ಬರುತ್ತೀರಿ ಎಂದು ದಿನಕ್ಕೆ ಹತ್ತು ಸಲ ಕೇಳಬಾರದು. ನಿನ್ನ ಕೈ ವಾಸಿಯಾಗುವ ತನಕ ನೀನು ಹಿಟ್ಟು ನಾದು, ಬಡಿಯುವುದು ನನಗೆ ಬಿಡು. ಬೇಡವೆಂದ ಖಾನಾವಳಿಯವನ ಹತ್ತಿರ ನಾನೇ ಹೋಗಿ ಮಾತಾಡುತ್ತೇನೆ. ಆ ಶನಿವಾರದ ಗುಂಪಿಗೆ ಅತ್ತೆಯರನ್ನು ಬಿಡುತ್ತಾರೋ ಕೇಳಿ ಇಡು. ಬಿಡದಿದ್ದರೂ ಒಮ್ಮೆ ಹೋಗುತ್ತೇನೆ. ಆ ಮಂಗಳೂರಿನವಳನ್ನು ನಾನು ನೋಡಬೇಕು.

ಮುಂದಿನ ವಾರ ಗುರುವಾರ ಬಸ್ಸು ಹತ್ತುತ್ತೇನೆ. ಯಾರೂ ಕಳಿಸುತ್ತಿಲ್ಲ, ನಾನೇ ಬರುತ್ತಿದ್ದೇನೆ. ಸ್ವಾರಗೇಟಿನ ಬಸ್ ಸ್ಟ್ಯಾಂಡಿಗೆ ಕರೆಯಲು ಬರಬೇಡ. ಬಸ್ಸು ತಡವಾದರೆ ನೀನು ಅಲ್ಲಿ ಕಂಡವರನ್ನೆಲ್ಲ ಕೇಳುತ್ತಾ ಅಳುತ್ತಾ ನಿಲ್ಲುತ್ತೀ, ನನಗೆ ನಾಚಿಕೆ.

ಬಾಗಿಲು ತೆರೆದು ಕಾಯುತ್ತ ಕೂಡುವುದೂ ಬೇಡ. ನಿನ್ನ ಕೆಲಸ ನೀನು ಮಾಡಿಕೊಂಡಿರು. ನನ್ನನ್ನು ಇಲ್ಲಿಗೆ ತರುವ ದಿನ ದಿಗಂಬರ ಬಿಬವೇವಾಡಿಯ ಕೀಲಿ ಕೊಡು ಎಂದು ಕೈ ಚಾಚಿದ್ದ. ಎಲ್ಲೋ ಕಳೆದಿದೆ ಎಂದಿದ್ದೆ. ಅದು ಅವತ್ತಿನಿಂದ ನನ್ನ ನಡುವಿನ ಸಂಚಿಯಲ್ಲೇ ಇದೆ.

ಭೀಮವ್ವ